ಕ್ಯಾನ್ಸರ್‌ಗೆ ಗ್ರಾಫೀನ್, ಫುಲ್ಲರೀನ್ ಅಂತಾರಲ್ಲ, ನಿಜಕ್ಕೂ ಬಳಕೆಯಲ್ಲಿ ಇದೆಯಾ?

ಬಿಳಿಚಿಟ್ಟೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಇದೆ ಅಂತ ಹದಿನೈದು ದಿನದ ಹಿಂದೆ ಗೊತ್ತಾಯಿತು. ಬರುವ ವಾರ ಆಪರೇಷನ್. ಹೊಟ್ಟೆ ಪೂರ್ತಿ ಕೊಯ್ಯುವುದಿಲ್ಲ, ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುತ್ತಾರಂತೆ. ಕೀಮೋ ಬೇಕೋ ಬೇಡವೋ ಅಂತ ತೆಗೆದ ತುಂಡನ್ನು ಪರೀಕ್ಷೆ ಮಾಡಿದ ಮೇಲೆ ಹೇಳುತ್ತೇವೆ ಅಂದಿದ್ದಾರೆ.

ವೈದ್ಯರ ಮೇಲೆ ನಂಬಿಕೆ ಇದೆ. ತಲೆನೋವು ನೆಂಟರದ್ದು. ಒಬ್ಬರು ದಿನಕ್ಕೆ ನಾಲ್ಕು ವಿಡಿಯೋ ಕಳಿಸುತ್ತಾರೆ. ಒಂದರಲ್ಲಿ ಇಲಿಯ ಪಕ್ಕೆಯ ಮೇಲೆ ಎದ್ದ ಗಡ್ಡೆ. ಅದಕ್ಕೆ ಗ್ರಾಫೀನ್ ಕೊಟ್ಟು ಲೇಸರ್ ಬಿಡುತ್ತಾರೆ. ಕೆಲವು ದಿನಕ್ಕೆ ಗಡ್ಡೆ ಒಣಗಿ, ಹೊಪ್ಪಳೆ ಕಟ್ಟಿ, ಮಾಯ. ಇನ್ನೊಂದರಲ್ಲಿ 'ಫುಲ್ಲರೀನ್ ಎಣ್ಣೆ' ದಿನಾ ಒಂದು ಚಮಚ ಕುಡಿದರೆ ಸಾಕು ಅಂತ ಒಬ್ಬರು ಬಿಳಿ ಕೋಟು ಹಾಕಿಕೊಂಡು ಹೇಳುತ್ತಾರೆ. "ಆಪರೇಷನ್ ಯಾಕೆ, ಮೊದಲು ಇದನ್ನ ನೋಡಬಾರದಾ?" ಅಂತ ಆ ನೆಂಟರು ನಿನ್ನೆ ಅಮ್ಮನ ಎದುರೇ ಕೇಳಿದರು. ಅಮ್ಮ ಆಗ ಏನೂ ಮಾತಾಡಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ "ಅದು ನಿಜಾನಾ?" ಅಂತ ಮೆಲ್ಲಗೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಲೆಕ್ಕಪತ್ರ ಓದಿದವಳು. ಕೊಲೊನೋಸ್ಕೋಪಿ ರಿಪೋರ್ಟೇ ನನಗೆ ಅರ್ಧಕ್ಕರ್ಧ ಅರ್ಥ ಆಗಿಲ್ಲ. ಈ ಕಾರ್ಬನ್ ನ್ಯಾನೋ ವಸ್ತುಗಳು ಕ್ಯಾನ್ಸರ್ ರೋಗಿಗಳಿಗೆ ನಿಜವಾಗಿ ಬಳಕೆಯಲ್ಲಿ ಇವೆಯಾ? ಅಥವಾ ಬರೀ ಇಲಿಗಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ಅಮ್ಮನಿಗೆ ನಾನೇ ಹೇಳಬೇಕು.

---

ಮಸಿಕೈ ಉತ್ತರ:

ಮೊದಲು ಎಣ್ಣೆಯ ವಿಷಯ ಮುಗಿಸೋಣ. ಕೊಡಬೇಡಿ.

2012ರಲ್ಲಿ ಕೆಲವೇ ಕೆಲವು ಇಲಿಗಳಿಗೆ ಆಲಿವ್ ಎಣ್ಣೆಯಲ್ಲಿ ಕರಗಿಸಿದ ಫುಲ್ಲರೀನ್ (ಚೆಂಡಿನಾಕಾರದ ಕಾರ್ಬನ್ ಅಣು) ಕುಡಿಸಿ, ಅವು ಜಾಸ್ತಿ ದಿನ ಬದುಕಿದವು ಅಂತ ಒಂದು ಲೇಖನ ಬಂತು. ಮಾರುವವರು ಹಿಡಿದುಕೊಂಡಿರುವುದು ಅದನ್ನೇ. 2020ರಲ್ಲಿ ಬೇರೆಯವರು ಸಣ್ಣ ಇಲಿಗಳ ಮೇಲೆ ಮಾಡಿ ನೋಡಿದರು. ಆಯಸ್ಸೇನೂ ಹೆಚ್ಚಲಿಲ್ಲ. ಅದರ ಮೇಲೆ, ಆ ಎಣ್ಣೆ ಬೆಳಕಿಗೆ ಬಿದ್ದರೆ ವಿಷವಾಗುತ್ತದೆ ಅಂತಲೂ ಗೊತ್ತಾಯಿತು. ಇನ್ನೊಂದು ಮಾತು. ಆ ಮೊದಲ ಲೇಖನ ಕೂಡ ಮನುಷ್ಯರ ಕ್ಯಾನ್ಸರ್ ವಾಸಿಯಾಗುವ ಬಗ್ಗೆ ಇರಲೇ ಇಲ್ಲ.

ಈಗ ಇಲಿಯ ವಿಡಿಯೋ. ಅದು ಸುಳ್ಳಲ್ಲ. ಅದನ್ನು ಹೇಳುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೇನೆ. ಆರು ವರ್ಷ ಲ್ಯಾಬಿನಲ್ಲಿ ಇದೇ ಕೆಲಸ ಮಾಡಿದವನು ನಾನು. ಮೊದಲು ಕಾರ್ಬನ್ ನ್ಯಾನೋಟ್ಯೂಬ್, ಅಂದರೆ ಕಾರ್ಬನ್ನಿನ ಅತಿ ಸಣ್ಣ ಕೊಳವೆ, ಆಮೇಲೆ ಕಾರ್ಬನ್ ಡಾಟ್. ಈಗ ಬಿಟ್ಟು ಬೇರೆ ಕೆಲಸದಲ್ಲಿದ್ದೇನೆ. ಉಗುರಿನ ಸಂದಿಯ ಕಪ್ಪು ಹೋಗಲು ಮಾತ್ರ ಬಹಳ ದಿನ ಬೇಕಾಯಿತು, ಹೆಸರು ಅದಕ್ಕೇ ಹೀಗೆ.

ಹೇಗೆ ಕೆಲಸ ಮಾಡುತ್ತದೆ ಅಂದರೆ, ಕತ್ತಲಲ್ಲಿ ಮೊಬೈಲ್ ಟಾರ್ಚ್ ಮೇಲೆ ಬೆರಳು ಇಟ್ಟು ನೋಡಿ. ಬೆರಳು ಕೆಂಪಗೆ ಹೊಳೆಯುತ್ತದೆ, ಅಲ್ವಾ? ಬಿಳಿ ಬೆಳಕಿನಲ್ಲಿ ಉಳಿದ ಬಣ್ಣಗಳನ್ನೆಲ್ಲ ಮಾಂಸ, ರಕ್ತ ನುಂಗಿಬಿಡುತ್ತವೆ. ಕೆಂಪು ದಾಟಿ ಬರುತ್ತದೆ. ಕೆಂಪಿಗಿಂತ ಸ್ವಲ್ಪ ಆಚೆಗಿನ, ಕಣ್ಣಿಗೆ ಕಾಣದ ಬೆಳಕು ಇನ್ನೂ ಸಲೀಸಾಗಿ ದಾಟುತ್ತದೆ. ಲ್ಯಾಬುಗಳಲ್ಲಿ ಸಾಮಾನ್ಯವಾಗಿ 808 ನ್ಯಾನೋಮೀಟರ್ ತರಂಗದ ಲೇಸರ್ ಬಳಸುತ್ತಾರೆ (ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ). ಕಪ್ಪು ಕಾರ್ಬನ್ ಆ ಬೆಳಕನ್ನು ಕುಡಿದು ಬಿಸಿಯಾಗುತ್ತದೆ. ಅದರ ಪಕ್ಕದ ಕೋಶ ಬೆಂದು ಸಾಯುತ್ತದೆ. 2005ರಲ್ಲಿ ಸ್ಟ್ಯಾನ್‌ಫರ್ಡ್‌ನ ಹಾಂಗ್ಜೀ ದಾಯ್ ಗುಂಪು ನ್ಯಾನೋಟ್ಯೂಬ್ ಹೊಕ್ಕ ಕ್ಯಾನ್ಸರ್ ಕೋಶಗಳನ್ನು ಹೀಗೆ ಕೊಂದಿತು. ನ್ಯಾನೋಟ್ಯೂಬ್ ಹೋಗದ ಕೋಶಗಳು ಅದೇ ಬೆಳಕಿನಲ್ಲಿ ಬದುಕಿ ಉಳಿದವು. 2010ರಲ್ಲಿ ಗ್ರಾಫೀನ್, ಅಂದರೆ ತೀರಾ ತೆಳ್ಳನೆಯ ಕಾರ್ಬನ್ ಹಾಳೆಯ ಚೂರುಗಳನ್ನು ಇಲಿಯ ರಕ್ತಕ್ಕೆ ಬಿಟ್ಟು, ಲೇಸರ್ ಹಾಯಿಸಿ ಗಡ್ಡೆ ಸುಟ್ಟರು. ಆ ಲೇಖನ ಓದಿದ ದಿನ ನಾನು ಲ್ಯಾಬಿನಲ್ಲಿ ಕುಣಿದಾಡಿದ್ದೆ.

ಹಾಗಾದರೆ ನಿಮ್ಮ ಅಮ್ಮನಿಗೆ ಯಾಕಿಲ್ಲ? ವಿಡಿಯೋವನ್ನು ಇನ್ನೊಂದು ಸಲ ನೋಡಿ. ಗಡ್ಡೆ ಎಲ್ಲಿದೆ? ಚರ್ಮದ ಕೆಳಗೇ, ಉಬ್ಬಿಕೊಂಡು. ಇಲಿಯೇ ನನ್ನ ಹೆಬ್ಬೆರಳಿನಷ್ಟು. ಬೆಳಕು ಹೋಗಬೇಕಾದ ದೂರ ಕೆಲವು ಮಿಲಿಮೀಟರ್. ಮನುಷ್ಯರ ಕರುಳು, ಲಿವರ್ ಇರುವ ಆಳಕ್ಕೆ ಅದೇ ಬೆಳಕು ಹೊರಗಿನಿಂದ ತಲುಪುವಷ್ಟರಲ್ಲಿ ಬಿಸಿ ಮಾಡುವ ಶಕ್ತಿ ಉಳಿದಿರುವುದಿಲ್ಲ.

ಎರಡನೇ ತೊಡಕು ಇನ್ನೂ ದೊಡ್ಡದು. ರಕ್ತಕ್ಕೆ ಬಿಟ್ಟ ಕಣ ಗಡ್ಡೆಗೇ ಹೋಗುತ್ತದೆ ಅಂತ ಚಿತ್ರಗಳಲ್ಲಿ ತೋರಿಸುತ್ತಾರೆ, ಅಂಚೆಯವನು ಮನೆ ಬಾಗಿಲಿಗೆ ಬಂದ ಹಾಗೆ. 2016ರಲ್ಲಿ ಟೊರಾಂಟೊದ ವಾರೆನ್ ಚಾನ್ ಗುಂಪು ಅಲ್ಲಿಯವರೆಗಿನ ಹತ್ತು ವರ್ಷದ ಪ್ರಯೋಗಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿತು. ಎಲ್ಲ ಬಗೆಯ ನ್ಯಾನೋಕಣ ಸೇರಿ, ಗಡ್ಡೆ ತಲುಪಿದ್ದು ಮಧ್ಯಮ ಲೆಕ್ಕದಲ್ಲಿ ಕೊಟ್ಟ ಪ್ರಮಾಣದ ನೂರಕ್ಕೆ 0.7 ಭಾಗ. ಒಂದೂ ಅಲ್ಲ. ಉಳಿದದ್ದರಲ್ಲಿ ಬಹುಪಾಲು ಲಿವರ್, ಗುಲ್ಮದಲ್ಲಿ (ಸ್ಪ್ಲೀನ್) ಕೂತುಬಿಡುತ್ತದೆ. ರಕ್ತದಲ್ಲಿ ಬಂದ ಕಸ ಹಿಡಿಯುವುದೇ ಅವುಗಳ ಕೆಲಸ, ಅವು ಕೆಲಸ ಸರಿಯಾಗಿ ಮಾಡುತ್ತವೆ, ಅಷ್ಟೇ.

ಮೂರನೆಯದು, ನನ್ನನ್ನು ಆರು ವರ್ಷ ಕಾಡಿದ್ದು. ಕಾರ್ಬನ್ ಹೋಗುವುದಿಲ್ಲ. ನ್ಯಾನೋ ಔಷಧಿಯೇ ಇಲ್ಲ ಅಂತಲ್ಲ. ಕೊಬ್ಬಿನ ಗುಳ್ಳೆಯೊಳಗೆ ಡಾಕ್ಸೊರೂಬಿಸಿನ್ ಎಂಬ ಕೀಮೋ ಔಷಧಿ ತುಂಬಿದ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿತು. ಇವತ್ತಿಗೂ ಬಳಕೆಯಲ್ಲಿದೆ. ಆದರೆ ಕೊಬ್ಬಿನ ಗುಳ್ಳೆ ಕೆಲಸ ಮುಗಿಸಿ ಕರಗುತ್ತದೆ. ನ್ಯಾನೋಟ್ಯೂಬ್ ಎಲ್ಲಿ ಕರಗಬೇಕು? ಬಿಳಿ ರಕ್ತಕಣದ ಒಂದು ಕಿಣ್ವ ಅದನ್ನು ನಿಧಾನವಾಗಿ ಕಡಿಯಬಲ್ಲದು ಅಂತ 2010ರಲ್ಲಿ ತೋರಿಸಿದರು, ನಿಜ. ಆದರೆ ಅದಕ್ಕೆ ಎರಡು ವರ್ಷ ಮೊದಲೇ, ಉದ್ದನೆಯ ಗಟ್ಟಿ ನ್ಯಾನೋಟ್ಯೂಬ್‌ಗಳನ್ನು ಇಲಿಯ ಹೊಟ್ಟೆಯ ಪೊರೆಯೊಳಗೆ ಬಿಟ್ಟರೆ ಕಲ್ನಾರಿನ (ಆಸ್ಬೆಸ್ಟಾಸ್) ಹಾಗೆ ಉರಿಯೂತ ಆಗುತ್ತದೆ ಅಂತ ಗೊತ್ತಾಗಿತ್ತು. ಗಿಡ್ಡದ್ದು, ಗೋಜಲಾದದ್ದು ಹಾಗೆ ಮಾಡಲಿಲ್ಲ. ಉದ್ದದ್ದನ್ನು ರಕ್ಷಣಾ ಕೋಶಕ್ಕೆ ನುಂಗಲೂ ಆಗದು, ಉಗುಳಲೂ ಆಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2014ರಲ್ಲಿ ಅಂಥ ಒಂದು ಬಗೆಯನ್ನು 'ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ' ಪಟ್ಟಿಗೇ ಸೇರಿಸಿತು. ಕ್ಯಾನ್ಸರ್ ಕೊಲ್ಲಲು ಹೊರಟದ್ದು!

ನೀವು ಕೇಳಿದ್ದಕ್ಕೆ ನೇರ ಉತ್ತರ: ಗ್ರಾಫೀನ್, ನ್ಯಾನೋಟ್ಯೂಬ್ ಯಾವುದೂ ಇವತ್ತು ಆಸ್ಪತ್ರೆಯಲ್ಲಿ ಕೊಡುವ ಕ್ಯಾನ್ಸರ್ ಔಷಧಿ ಅಲ್ಲ. ಆಪರೇಷನ್ ಮುಂದೂಡಬೇಡಿ.

---

ಏಳನೇಬೆಂಚು ಉತ್ತರ:

ಮಸಿಕೈ ಅವರು ಲ್ಯಾಬ್ ಬಿಟ್ಟ ಬೇಜಾರಿನಲ್ಲಿ ಬರೆದ ಹಾಗಿದೆ 🙂 ಫುಲ್ಲರೀನ್‌ಗೆ ನೊಬೆಲ್ ಬಂದಿದೆ. ಗ್ರಾಫೀನ್‌ಗೂ ಬಂದಿದೆ. ಸುಮ್ನೆ ಕೊಡ್ತಾರಾ? ಚಿಕಿತ್ಸೆ ಬಿಡಿ, ಪತ್ತೆ ಹಚ್ಚುವುದರಲ್ಲಿ ಗ್ರಾಫೀನ್ ಸೆನ್ಸರ್ ಬಗ್ಗೆ ಎಷ್ಟೊಂದು ಓದಿದ್ದೇನೆ. ಒಂದು ಹನಿ ರಕ್ತ ಸಾಕು ಅಂತಾರೆ. ಅದರ ಬಗ್ಗೆ ಒಂದು ಸಾಲೂ ಇಲ್ಲವಲ್ಲ?

---

ಮಸಿಕೈ ಉತ್ತರ:

ಬೇಜಾರು ಇದೆ, ಒಪ್ಪಿಕೊಂಡೆ.

1985ರಲ್ಲಿ ಕಂಡುಹಿಡಿದ ಫುಲ್ಲರೀನ್‌ಗೆ 1996ರಲ್ಲಿ ನೊಬೆಲ್ ಬಂತು. ಕ್ರೋಟೊ, ಕರ್ಲ್, ಸ್ಮಾಲಿ ಮೂವರಿಗೆ, ರಸಾಯನಶಾಸ್ತ್ರದಲ್ಲಿ. ಗ್ರಾಫೀನ್‌ಗೆ 2010ರಲ್ಲಿ, ಗೈಮ್ ಮತ್ತು ನೊವೊಸೆಲೊವ್‌ಗೆ, ಭೌತಶಾಸ್ತ್ರದಲ್ಲಿ. ಪೆನ್ಸಿಲ್ಲಿನ ಗ್ರಾಫೈಟ್‌ಗೆ ಅಂಟು ಟೇಪ್ ಹಚ್ಚಿ ಕಿತ್ತು ಕಿತ್ತು ಒಂದೇ ಪರಮಾಣು ದಪ್ಪದ ಹಾಳೆ ತೆಗೆದವರು. ಎರಡೂ ಯೋಗ್ಯ ಬಹುಮಾನಗಳು. ಎರಡೂ ವೈದ್ಯಕೀಯಕ್ಕೆ ಬಂದಿದ್ದಲ್ಲ.

ಪತ್ತೆ ಹಚ್ಚುವ ವಿಷಯ ಬಿಟ್ಟಿದ್ದು ನನ್ನ ತಪ್ಪು. ನಿಜ ಹೇಳಬೇಕೆಂದರೆ ನನಗೆ ಆಸೆ ಉಳಿದಿರುವುದು ಅಲ್ಲೇ. ಯಾಕೆಂದರೆ ಅಲ್ಲಿ ಕಾರ್ಬನ್ ದೇಹದೊಳಗೆ ಹೋಗಬೇಕಿಲ್ಲ, ರಕ್ತವೇ ಅದರ ಹತ್ತಿರ ಬರುತ್ತದೆ. ಗ್ರಾಫೀನ್ ಹಾಳೆಗೆ ಒಳಗು ಅನ್ನುವುದೇ ಇಲ್ಲ, ಪೂರ್ತಿ ಮೈಯೇ. ಅದರ ಮೇಲೆ ಒಂದು ಪ್ರೋಟೀನ್ ಬಂದು ಕೂತರೂ ಹರಿಯುವ ವಿದ್ಯುತ್ತು ಅಲುಗಾಡುತ್ತದೆ. ಕ್ಯಾನ್ಸರ್‌ಗೆ ಸಂಬಂಧಪಟ್ಟ ಪ್ರೋಟೀನನ್ನು ಮಾತ್ರ ಹಿಡಿಯುವ ಆಂಟಿಬಾಡಿಯನ್ನು ಆ ಹಾಳೆಗೆ ಅಂಟಿಸಿದರೆ ಸೆನ್ಸರ್ ರೆಡಿ. ತೊಂದರೆ ಕೊಡುವುದು ರಕ್ತದ ಉಪ್ಪು. ಅಷ್ಟು ಉಪ್ಪಿರುವ ದ್ರವದಲ್ಲಿ ಒಂದು ವಿದ್ಯುದಂಶದ ಪ್ರಭಾವ ಒಂದು ನ್ಯಾನೋಮೀಟರ್ ದೂರಕ್ಕೂ ಕಾಣುವುದಿಲ್ಲ. ಆಂಟಿಬಾಡಿಯೇ ಸುಮಾರು ಹತ್ತು ನ್ಯಾನೋಮೀಟರ್ ಎತ್ತರ. ಅದರ ತಲೆಯ ಮೇಲೆ ಕೂತ ಪ್ರೋಟೀನ್ ಹಾಳೆಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಎಷ್ಟೋ ಲೇಖನಗಳಲ್ಲಿ ಉಪ್ಪು ತೆಳುವಾಗಿಸಿದ ನೀರಿನಲ್ಲಿ ಪರೀಕ್ಷೆ ಮಾಡಿರುತ್ತಾರೆ. ಇದಕ್ಕೆ ಉಪಾಯಗಳು ಬರುತ್ತಿವೆ, ಗಿಡ್ಡ ಹಿಡಿಕೆಯ ಡಿಎನ್‌ಎ ತುಂಡು ಬಳಸುವುದು ಇತ್ಯಾದಿ.

ಕಾರ್ಬನ್ ಡಾಟ್ ಬಗ್ಗೆ ಮಾತ್ರ ನನ್ನದೇ ಪೆಟ್ಟಿನ ಕಥೆ ಹೇಳುತ್ತೇನೆ. ಇವು ಹತ್ತು ನ್ಯಾನೋಮೀಟರ್‌ಗಿಂತ ಸಣ್ಣ, ಹೊಳೆಯುವ ಕಾರ್ಬನ್ ಚುಕ್ಕೆಗಳು. 2004ರಲ್ಲಿ ನ್ಯಾನೋಟ್ಯೂಬ್ ಶುದ್ಧ ಮಾಡುವಾಗ ಅಕಸ್ಮಾತ್ತಾಗಿ ಸಿಕ್ಕವು. ಐದಾರು ನ್ಯಾನೋಮೀಟರ್‌ಗಿಂತ ಸಣ್ಣದಾದರೆ ಮೂತ್ರಪಿಂಡ ಸೋಸಿ ಹೊರಗೆ ಹಾಕಬಲ್ಲದು. ಅಂದರೆ ನಾನು ಮೇಲೆ ಹೇಳಿದ ಮೂರನೇ ತೊಡಕಿಗೆ ಇವೇ ಉತ್ತರ ಅಂತ ನಾನು ನಂಬಿದ್ದೆ. ಮಾಡುವುದೂ ಸುಲಭ. ಸಿಟ್ರಿಕ್ ಆಮ್ಲ, ಯೂರಿಯಾ, ನೀರು ಸೇರಿಸಿ ಮೈಕ್ರೋವೇವ್‌ನಲ್ಲಿ ಇಟ್ಟರೆ ಕುದಿದು, ಹಳದಿಯಾಗಿ, ಕೊನೆಗೆ ಕಂದು ಪಾಕ ಆಗುತ್ತದೆ. ನೀರು ಹಾಕಿ ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟರೆ ನೀಲಿ ಬೆಳಕು. ಕೋಶಗಳೊಳಗೆ ಹೋಗಿ ಹೊಳೆದವು, ಚಿತ್ರ ಚೆನ್ನಾಗಿ ಬಂತು. ನಾಲ್ಕು ತಿಂಗಳ ಕೆಲಸ.

ಒಂದು ಸಂಜೆ ದೀಪ ಆರಿಸಿ ಹೊರಡುವಾಗ ಡಯಾಲಿಸಿಸ್ ಚೀಲ ಇಟ್ಟಿದ್ದ ಬೀಕರ್ ಕಡೆಗೆ ಟಾರ್ಚ್ ಬಿಟ್ಟೆ. ಆ ಚೀಲದ ಗೋಡೆಯಿಂದ ಸಣ್ಣ ಅಣುಗಳು ಮಾತ್ರ ಹೊರಗೆ ಬರುತ್ತವೆ, ಡಾಟ್‌ಗಳು ಒಳಗೇ ಉಳಿಯಬೇಕು. ಚೀಲದೊಳಗೆ ಮಂಕು. ಹೊರಗಿನ ನೀರು, ನಾವು ದಿನಾ ಸಿಂಕಿಗೆ ಚೆಲ್ಲುತ್ತಿದ್ದ ನೀರು, ಹಬ್ಬದ ದೀಪದ ಹಾಗೆ ಹೊಳೆಯುತ್ತಿತ್ತು. ಅಂದರೆ ಹೊಳೆಯುತ್ತಿದ್ದದ್ದು ಕಾರ್ಬನ್ ಡಾಟ್ ಅಲ್ಲ. ಸಿಟ್ರಿಕ್ ಆಮ್ಲ ಯೂರಿಯಾ ಸೇರಿ ಆದ ಯಾವುದೋ ಸಣ್ಣ ಬಣ್ಣದ ಅಣು. ನಾವು ಚೀಲವನ್ನು ಬರೀ ಒಂದು ರಾತ್ರಿ ಇಟ್ಟು 'ಶುದ್ಧವಾಯಿತು' ಅಂತ ಬರೆದುಕೊಂಡಿದ್ದೆವು. ಐದು ದಿನ ನೀರು ಬದಲಾಯಿಸಿದ ಮೇಲೆ ಚೀಲದಲ್ಲಿ ಉಳಿದದ್ದು ಅಷ್ಟಕ್ಕಷ್ಟೇ ಹೊಳೆಯಿತು. ಆ ಚಿತ್ರಗಳನ್ನೆಲ್ಲ ಬದಿಗಿಟ್ಟೆ. ಇದು ನನಗೊಬ್ಬನಿಗೆ ಆದ ಎಡವಟ್ಟಲ್ಲ, ಈ ಕ್ಷೇತ್ರದಲ್ಲಿ ಗೊತ್ತಿರುವ ಗುಂಡಿ. ಬಿದ್ದ ಮೇಲೆ ಗೊತ್ತಾದದ್ದು, ಅಷ್ಟೇ.

---

ರಾತ್ರಿಪಾಳಿ ಉತ್ತರ:

ನಾನು ವಿಜ್ಞಾನಿ ಅಲ್ಲ, ಎಂಡೋಸ್ಕೋಪಿ ಕೋಣೆಯಲ್ಲಿ ನರ್ಸ್. ಮಸಿಕೈ ಅವರು ಬರೆದದ್ದು ಚೆನ್ನಾಗಿದೆ, ಆದರೆ ಒಂದು ವಿಷಯ ಬಿಟ್ಟಿದ್ದಾರೆ. ಕಾರ್ಬನ್ ಆಸ್ಪತ್ರೆಯಲ್ಲಿ ಬಳಕೆಯಲ್ಲಿ ಇದೆ. ನಾನೇ ವಾರಕ್ಕೆ ಎರಡು ಮೂರು ಸಲ ಸಿರಿಂಜ್ ಕುಲುಕಿ ಕೊಡುತ್ತೇನೆ.

ಕರುಳಿನಲ್ಲಿ ಗಡ್ಡೆ ಕಂಡರೆ, ಆಪರೇಷನ್ ಮಾಡುವವರಿಗೆ ಜಾಗ ಗೊತ್ತಾಗಲಿ ಅಂತ ಕರುಳಿನ ಗೋಡೆಗೆ ಕಪ್ಪು ಗುರುತು ಹಾಕುತ್ತೇವೆ. ಟ್ಯಾಟೂ ಅಂತಲೇ ಕರೆಯುವುದು. ಹಿಂದೆ ಇಂಡಿಯಾ ಇಂಕ್ ಬಳಸುತ್ತಿದ್ದರಂತೆ. ಈಗ ಶುದ್ಧ ಕಾರ್ಬನ್ ಪುಡಿಯನ್ನು ದ್ರವದಲ್ಲಿ ಕಲಸಿ, ಕ್ರಿಮಿ ಇಲ್ಲದಂತೆ ಮಾಡಿ ಸಿರಿಂಜಿನಲ್ಲೇ ತುಂಬಿ ಬರುತ್ತದೆ. ನಿಂತರೆ ತಳ ಕಟ್ಟುತ್ತದೆ, ಅದಕ್ಕೇ ಕುಲುಕುವುದು.

ಯಾಕೆ ಬೇಕು ಅಂದರೆ, ನಾವು ಗಡ್ಡೆಯನ್ನು ಕರುಳಿನ ಒಳಗಿನಿಂದ ನೋಡುತ್ತೇವೆ, ಸರ್ಜನ್ ಹೊರಗಿನಿಂದ. ಸಣ್ಣ ಗಡ್ಡೆ ಹೊರಗಿನಿಂದ ಕಾಣುವುದೇ ಇಲ್ಲ. ಹೊಟ್ಟೆ ತೆರೆದು ಮಾಡುವಾಗಲಾದರೂ ಕೈಯಲ್ಲಿ ಮುಟ್ಟಿ ಹುಡುಕಬಹುದು. ತೂತಿನಿಂದ ಮಾಡುವಾಗ ಅದೂ ಇಲ್ಲ. ಮೊದಲು ಸೂಜಿಯಿಂದ ಸ್ವಲ್ಪ ಸಲೈನ್ ಬಿಟ್ಟು ಒಳಪೊರೆಯನ್ನು ಗುಳ್ಳೆ ಎಬ್ಬಿಸುತ್ತೇವೆ. ಆ ಗುಳ್ಳೆಯೊಳಗೆ ಕಪ್ಪು ಹೋಗುತ್ತದೆ. ಪರದೆ ಮೇಲೆ ನೋಡುತ್ತಿದ್ದರೆ ಒದ್ದೆ ಕಾಗದದ ಮೇಲೆ ಶಾಯಿ ಹನಿ ಬಿದ್ದ ಹಾಗೆ ನೀಲಿಗಪ್ಪು ಹರಡುತ್ತದೆ. ಸೂಜಿ ಆಳಕ್ಕೆ ಹೋಗಿ ಗೋಡೆ ದಾಟಿದರೆ ಕಥೆ ಮುಗೀತು, ಹೊಟ್ಟೆಯೊಳಗೆಲ್ಲ ಮಸಿ ಚೆಲ್ಲಿ, ಸರ್ಜನ್‌ಗೆ ಯಾವುದು ಗುರುತು ಅಂತಲೇ ಗೊತ್ತಾಗದು. ಒಂದೇ ಕಡೆ ಹಾಕಿದರೂ ಸಾಲದು. ಆ ಕಡೆ ಬೆನ್ನಿಗೆ ತಿರುಗಿಕೊಂಡಿದ್ದರೆ ಕಾಣುವುದಿಲ್ಲ. ಸುತ್ತಲೂ ಮೂರು ನಾಲ್ಕು ಕಡೆ ಹಾಕುತ್ತೇವೆ.

---

ಮಸಿಕೈ ಉತ್ತರ:

ರಾತ್ರಿಪಾಳಿ ಅವರೇ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಗೊತ್ತಿತ್ತು, ಆದರೆ ನೆನಪೇ ಆಗಲಿಲ್ಲ ನೋಡಿ. ನಾವು ಲ್ಯಾಬಿನವರು ಇದನ್ನು ನಮ್ಮ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಆ ಪುಡಿಯಲ್ಲಿ ಎಲ್ಲ ಕಣವೂ ನ್ಯಾನೋ ಅಳತೆಯದ್ದಲ್ಲ, ಲೇಸರ್ ಇಲ್ಲ, ಆಂಟಿಬಾಡಿ ಇಲ್ಲ. ಬರೀ ಮಸಿ. ಹೊಗೆಯ ಕರಿಗೂ ಮಸಿ, ಬರೆಯುವ ಶಾಯಿಗೂ ಮಸಿ ಅಂತ ನಮ್ಮ ಭಾಷೆ ಎಂದೋ ಹೇಳಿತ್ತು.

ತಮಾಷೆ ಏನೆಂದರೆ, ನನ್ನನ್ನು ಆರು ವರ್ಷ ಕಾಡಿದ ಅದೇ ಗುಣ ಇಲ್ಲಿ ಬೇಕಾದ ಗುಣ. ಕಾರ್ಬನ್ ಕರಗುವುದಿಲ್ಲ, ಹೋಗುವುದಿಲ್ಲ. ಬೇರೆ ಬಣ್ಣ ಚುಚ್ಚಿದರೆ ಕೆಲವು ದಿನದಲ್ಲಿ ಮಾಸಿಹೋಗುತ್ತದೆ. ಕಾರ್ಬನ್ನನ್ನು ಅಲ್ಲಿನ ರಕ್ಷಣಾ ಕೋಶಗಳು ನುಂಗಿ, ಜೀರ್ಣಿಸಲಾಗದೆ ಹಿಡಿದುಕೊಂಡು ಕೂರುತ್ತವೆ. ಕೈ ಮೇಲಿನ ಹಚ್ಚೆ ಉಳಿಯುವುದೂ ಹಾಗೆಯೇ. ರಕ್ತದಲ್ಲಿ ಓಡಾಡಿಸಲು ಹೋದಾಗ ಶತ್ರು, ಒಂದೇ ಕಡೆ ನಿಲ್ಲಿಸಿದಾಗ ನೆಂಟ.

ಚೀನಾದಲ್ಲಿ ಇದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಾರೆ. ಅಲ್ಲಿ ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ನಿನಲ್ಲಿ ಸುಮಾರು 150 ನ್ಯಾನೋಮೀಟರ್ ಕಾರ್ಬನ್ ಕಣಗಳ ದ್ರವ ಬಳಸುತ್ತಾರೆ. (150 ಅಂದರೆ ಪುಸ್ತಕದ ಲೆಕ್ಕಕ್ಕೆ ನ್ಯಾನೋ ಅಲ್ಲ, ಗಡಿ 100. ಬಿಡಿ, ಕೆಲಸ ಆಗುತ್ತಲ್ಲ.) ಆ ಅಳತೆಗೆ ಕಾರಣ ಇದೆ. ರಕ್ತನಾಳದ ಗೋಡೆಯ ಸಂದಿ ಅದಕ್ಕಿಂತ ಕಿರಿದು, ದುಗ್ಧನಾಳದ (ಲಿಂಫ್ ಎಂಬ ದ್ರವ ಹರಿಯುವ ನಾಳ) ಸಂದಿ ಅಗಲ. ಹೀಗಾಗಿ ಕಣ ರಕ್ತಕ್ಕೆ ಹೋಗದೆ ದುಗ್ಧನಾಳ ಹಿಡಿದು ಗಂಟುಗಳಿಗೆ ಹೋಗಿ ಅವನ್ನು ಕಪ್ಪು ಮಾಡುತ್ತದೆ. ಕ್ಯಾನ್ಸರ್ ಹರಡುವ ದಾರಿಯೂ ಅದೇ ತಾನೇ. ಥೈರಾಯ್ಡ್ ಹಿಂದೆ ಪ್ಯಾರಾಥೈರಾಯ್ಡ್ ಅಂತ ಅಕ್ಕಿ ಕಾಳಿನಷ್ಟು ಗ್ರಂಥಿಗಳಿವೆ. ತಪ್ಪಿ ಅವನ್ನು ಕತ್ತರಿಸಿದರೆ ದೇಹದ ಕ್ಯಾಲ್ಸಿಯಂ ಇಳಿದುಹೋಗುತ್ತದೆ. ಥೈರಾಯ್ಡ್ ಎಲ್ಲ ಕಪ್ಪಾಗುತ್ತದೆ, ಇವು ಮಾತ್ರ ಬಣ್ಣ ಹಿಡಿಯದೆ ಹಳದಿ ಛಾಯೆಯಲ್ಲೇ ಉಳಿಯುತ್ತವೆ. ಕಪ್ಪು ಇಲ್ಲದ್ದನ್ನು ಉಳಿಸು, ಅಷ್ಟೇ ನಿಯಮ.

ಬಿಳಿಚಿಟ್ಟೆ ಅವರೇ, 'ಆಸ್ಪತ್ರೆಯ ಔಷಧಿ ಅಲ್ಲ' ಅಂದದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ 'ಬರೀ ಇಲಿಗಾ' ಅನ್ನುವುದಕ್ಕೆ ನನ್ನ ಉತ್ತರ ಅರ್ಧ ಆಗಿತ್ತು.

---

ಬಿಳಿಚಿಟ್ಟೆ ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿಪಾಳಿ ಅವರದ್ದು ಓದುತ್ತಿದ್ದ ಹಾಗೇ ಎದ್ದು ಹೋಗಿ ಫೈಲ್ ತೆಗೆದೆ. ರಿಪೋರ್ಟಿನ ಎರಡನೇ ಹಾಳೆಯ ಕೆಳಗೆ, ನಾನು ಅರ್ಥ ಆಗದೆ ಬಿಟ್ಟಿದ್ದ ಸಾಲು: ಗಡ್ಡೆಯಿಂದ ಕೆಳಗೆ 3 ಸೆಂಟಿಮೀಟರ್ ದೂರದಲ್ಲಿ, ಮೂರು ಕಡೆ, ಕಾರ್ಬನ್ ಟ್ಯಾಟೂ.

ನಾನು ಅದನ್ನು ಯಾವುದೋ ಪರೀಕ್ಷೆಯ ಹೆಸರು ಅಂದುಕೊಂಡಿದ್ದೆ.

ಅಮ್ಮನ ಪಕ್ಕ ಕೂತು ಇಲಿಯ ವಿಡಿಯೋ ಹಾಕಿ, ಗಡ್ಡೆ ಎಲ್ಲಿದೆ ನೋಡು ಅಂತ ತೋರಿಸಿದೆ. ಟಾರ್ಚ್ ಮೇಲೆ ಅವಳ ಬೆರಳು ಇಡಿಸಿದೆ. ಎಣ್ಣೆ ಬೇಡ ಅಂದೆ, ತಲೆ ಆಡಿಸಿದಳು. ಆಮೇಲೆ ಟ್ಯಾಟೂ ವಿಷಯ ಹೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನೀನು ಕೈಗೆ ಹಚ್ಚೆ ಹಾಕಿಸಿಕೊಂಡು ಬಂದಾಗ ಮೂರು ದಿನ ಮಾತು ಬಿಟ್ಟಿದ್ದೆ ನಾನು" ಅಂದಳು. ಹದಿನೈದು ದಿನದಲ್ಲಿ ಮೊದಲ ಸಲ ನಕ್ಕಳು.

ಒಂದು ಪ್ರಶ್ನೆ ಅವಳದ್ದೇ: ಆ ಕಪ್ಪು ಒಳಗೇ ಉಳಿದುಬಿಡುತ್ತದಾ?

---

ರಾತ್ರಿಪಾಳಿ ಉತ್ತರ:

ಸಾಮಾನ್ಯವಾಗಿ ಇಲ್ಲ. ಗುರುತು ಇರುವ ಜಾಗ ಗಡ್ಡೆಯ ಜೊತೆಗೆ ಕತ್ತರಿಸುವ ತುಂಡಿನಲ್ಲೇ ಬರುತ್ತದೆ. ಸ್ವಲ್ಪ ಉಳಿದರೂ ತೊಂದರೆ ಕೊಡುವುದು ಅಪರೂಪ. ಸ್ವಲ್ಪ ಕಾರ್ಬನ್ ಪಕ್ಕದ ದುಗ್ಧ ಗಂಟುಗಳಿಗೂ ಹೋಗಿರುತ್ತದೆ. ಅದು ಒಳ್ಳೆಯದೇ. ಪರೀಕ್ಷೆಗೆ ಕನಿಷ್ಠ 12 ಗಂಟು ಹುಡುಕಿ ನೋಡಬೇಕು ಅಂತ ನಿಯಮ ಇದೆ. ಕೊಬ್ಬಿನ ನಡುವೆ ಕಪ್ಪಾದ ಗಂಟು ಬೇಗ ಸಿಗುತ್ತದೆ. ಕೀಮೋ ಬೇಕಾ ಬೇಡವಾ ಅಂತ ನೀವು ಕಾಯುತ್ತಿರುವುದು ಮುಖ್ಯವಾಗಿ ಆ ಗಂಟುಗಳಲ್ಲಿ ಕ್ಯಾನ್ಸರ್ ಇದೆಯಾ ಅನ್ನುವ ಉತ್ತರಕ್ಕೇ.

ಎರಡನೇ ಹಾಳೆಯನ್ನೂ ಮರೆಯದೆ ಫೈಲಿನಲ್ಲಿ ಇಟ್ಟುಕೊಂಡು ಹೋಗಿ. ಸರ್ಜನ್ ಮೊದಲು ಕೇಳುವುದು ಆ ಸಾಲನ್ನೇ.